ಗೋಡೆಯ ನಕ್ಷೆಯಲ್ಲಿ ಅಳೆದ ವಿಮಾನಯಾನ

ಈ ಮರಳುನಾಡಿನಲ್ಲೂ ನಿತ್ಯದ ಅರ್ಘ್ಯಕ್ಕೆ ನೀರನ್ನೂ, ಎಪ್ಪತ್ತು ದಾಟಿದ ಮೇಲೂ ಮಂತ್ರಕ್ಕೆ ತೊದಲದ ನಾಲಗೆಯನ್ನೂ ಕರುಣಿಸಿದ ಭಗವಂತನಿಗೆ ಮೊದಲ ವಂದನೆ. ಬುದ್ಧಿಯ ವಿಷಯದಲ್ಲಿ ಅವನು ತೋರಿದ ಮಿತವ್ಯಯವನ್ನು ಇನ್ನು ನಿವೇದಿಸುತ್ತೇನೆ.

ಮೊಮ್ಮಗಳು ಮೇಧಾಳ ನಿಶ್ಚಿತಾರ್ಥ ಕುವೈತಿನ ಫರ್ವಾನಿಯಾದ ನಮ್ಮ ಮನೆಯಲ್ಲಿ ಏರ್ಪಾಡಾಗಿತ್ತು. ವರ ಸುಹಾಸ ಹಿಮದ ಸಂಶೋಧಕ. ಆ ದಿನ ನಮ್ಮ ನಡುಮಧ್ಯಾಹ್ನಕ್ಕೆ ಅವನ ವಿಮಾನ ಉತ್ತರ ನಾರ್ವೆಯ ಟ್ರೋಮ್ಸೊದಿಂದ, ಇನ್ನೂ ಉತ್ತರದ ಲಾಂಗ್‌ಯರ್‌ಬೀನ್‌ಗೆ ಹೊರಡುವುದಿತ್ತು.

"ಇಳಿದ ಮೇಲೆ ಒಂದು ಗಂಟೆ ಫೋನ್ ಸಿಗುತ್ತೆ ತಾತ. ಆಮೇಲೆ ಕ್ಯಾಂಪಿಗೆ ಹೋದ್ರೆ ಎರಡು ತಿಂಗಳು ನೆಟ್‌ವರ್ಕ್ ಇರಲ್ಲ" ಎಂದಿದ್ದ.

ಅವನ ತಾಯಿ ಶಾರದಮ್ಮನವರ ಮಾತು ಇನ್ನೂ ಖಚಿತ: "ವಿಡಿಯೋದಲ್ಲಾದರೂ ಮಗನ ಮುಖ ಕಾಣದೆ ನಾನು ತಾಂಬೂಲ ಬದಲಾಯಿಸೋಲ್ಲ."

ಮುಹೂರ್ತ ನಿರ್ಣಯ ನನ್ನ ಪಾಲಿಗೆ ಬಂತು.

"ಎಷ್ಟು ಹೊತ್ತಿಗೆ ಇಳೀತೀಯಪ್ಪ ಅಂತ ಆ ಹುಡುಗನ್ನೇ ಕೇಳಬಾರದೇ?" ಎಂದಳು ಹೆಂಡತಿ ಕಮಲ.

"ಹೆಣ್ಣಿನ ಕಡೆಯವರು ವರನಿಗೆ ಪ್ರಶ್ನೆ ಹಾಕುವುದೇ! ಗಣಿತ ಯಾತಕ್ಕಿದೆ?"

ಗೋಡೆಯ ಮೇಲಿನ ಪ್ರಪಂಚದ ನಕ್ಷೆಗೆ ಜನಿವಾರದ ಹೊಸ ಎಳೆಯೊಂದನ್ನು ಹಿಡಿದೆ. ಕುವೈತಿನಿಂದ ಬೆಂಗಳೂರಿಗೆ ಎಷ್ಟು ಉದ್ದವೋ, ಸುಹಾಸ ಹಾರುವ ಆ ಎರಡು ಊರುಗಳ ನಡುವೆಯೂ ಅಷ್ಟೇ ಉದ್ದ! ಅಂದರೆ ಸುಮಾರು ಐದು ಗಂಟೆಯ ಹಾದಿ. ಲೆಕ್ಕ ನೇರವಾಗಿ ಗೋಧೂಳಿ ಲಗ್ನಕ್ಕೆ ಬಂದು ಕುಳಿತಿತು. ದೈವಸಂಕಲ್ಪವಲ್ಲದೆ ಮತ್ತೇನು!

"ತಾತ, ಆರ್ ಯೂ ಶ್ಯೂರ್?" ಎಂದಳು ಮೇಧಾ.

"ನಿನ್ನ ತಾತನ ಲೆಕ್ಕ, ಮಗು."

ಪಾಪ, ನಂಬಿದಳು.

ಪೂಜೆಗೆ ಭಂಗ ಬಾರದಿರಲೆಂದು ಅಂದು ಮಧ್ಯಾಹ್ನವೇ ಎಲ್ಲರ ಫೋನುಗಳನ್ನೂ ಬಂದ್ ಮಾಡಿಸಿದೆ. ಗೋಧೂಳಿಗೆ ಮೇಧಾ ತನ್ನದನ್ನು ತೆರೆದಳು. ಸುಹಾಸನ ಸಾಲುಸಾಲು ಕರೆಗಳು. ಕೊನೆಗೊಂದು ಧ್ವನಿ ಸಂದೇಶ: "ಮೇಧಾ, ಎಲ್ಲಿದ್ದೀರ ಎಲ್ಲರೂ? ಇಳಿದು ಒಂದು ಗಂಟೆ ಆಯ್ತು. ನಮ್ಮ ಗಾಡಿ ಹೊರಡ್ತಿದೆ."

ವಿಮಾನಕ್ಕೆ ಹಿಡಿದದ್ದು ಎರಡು ಗಂಟೆಗೂ ಕಡಿಮೆ! ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಧ್ರುವದ ಬಳಿಯ ದೂರವನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿರುತ್ತಾರಂತೆ. ಇದು ಶಾಲೆಯ ಮಕ್ಕಳಿಗೂ ಗೊತ್ತಂತೆ.

"ಗೂಗಲ್‌ನಲ್ಲಿ ಒನ್ ಸೆಕೆಂಡ್, ತಾತ. ಒನ್ ಸೆಕೆಂಡ್!" ಮೇಧಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಾರದಮ್ಮ ತಾಂಬೂಲದ ತಟ್ಟೆಯನ್ನು ನಮ್ಮ ಕಡೆಗೇ ಸರಿಸಿದರು. "ಶಕುನ ಸರಿಯಿಲ್ಲ ರಾಯರೇ. ಅವನು ವಾಪಸ್ ಬರಲಿ, ಆಮೇಲೆ ಯೋಚನೆ ಮಾಡೋಣ."

"ಊಟವನ್ನಾದರೂ..." ಎಂದೆ.

"ಯಾಕೆ, ಅನ್ನ ಬೆಂದಿದೆಯೋ ಇಲ್ವೋ, ಅದನ್ನೂ ನೀವೇ ಅಳೆದಿದ್ದೀರಾ?"

ಎದ್ದು ಹೋದರು. ಅವರಿನ್ನೂ ಯೋಚಿಸುತ್ತಲೇ ಇದ್ದಾರೆ.

ಹೊತ್ತಿಗೆ ಸರಿಯಾಗಿ ಇಳಿಸಿದ ಪೈಲಟ್‌ಗೆ ದೀರ್ಘಾಯುಷ್ಯವಾಗಲಿ. ಕರೆದು ಕರೆದು ಸೋತ ಸುಹಾಸನಿಗೆ ಆರೋಗ್ಯವಾಗಲಿ. ಉಣ್ಣದೆ ಎದ್ದ, ಇನ್ನೂ ಬೀಗರಾಗದ ಬೀಗರಿಗೆ ಸನ್ಮಂಗಳವಾಗಲಿ. ಮೇಧಾಳಿಗೆ ಅವನೇ ದೊರೆಯಲಿ. ಮುಹೂರ್ತವನ್ನು ಬೇರೆ ಯಾರಾದರೂ ಇಡಲಿ. ಈ ಆಶೀರ್ವಾದವನ್ನು ಅವಳ ಮುಚ್ಚಿದ ಬಾಗಿಲ ಮುಂದೆ ನಿಂತು ಸ್ಪಷ್ಟ ಉಚ್ಚಾರಣೆಯಲ್ಲಿ ಹೇಳಿದೆ. ಒಳಗಿನಿಂದ ಉತ್ತರ ಬಂತು:

"ಥ್ಯಾಂಕ್ಸ್ ತಾತ. ಪ್ಲೀಸ್, ಇನ್ನು ಹೆಲ್ಪ್ ಮಾಡ್ಬೇಡಿ."