ಸ್ವಲ್ಪ ಬಗ್ಗಿ, ಸಾರ್!

"ಮೂರೇ ದಿನ ತಾನೇ? ನಾನಿರುವಾಗ ನಿಂಗ್ಯಾಕೆ ಚಿಂತೆ? ಮೂವತ್ತು ವರ್ಷದಿಂದ ಊರಿನವರ ಅಳತೆ ತೆಗೆದವನು ಒಂದು ಗಿಡ ಅಳೀಲಾರೆನಾ!" ತರಬೇತಿ ಶಿಬಿರಕ್ಕೆ ಹೊರಟ ಹೆಂಡತಿಯೆದುರು ಟೈಲರ್ ಎದೆ ತಟ್ಟಿಕೊಂಡ.

ಗಿಡವೇನೂ ಸಾಮಾನ್ಯದ್ದಲ್ಲ. ಸೇವಂತಿಗೆಯ ಕುಲದ, ಈ ನೆಲದ್ದೇ ಆದ ಕಾಡುಹೂವು. ಚಳಿಗೆ ಮಣ್ಣಿಗಿಳಿದು, ವರ್ಷವರ್ಷವೂ ಅದೇ ಬೇರಿನಿಂದ ಎದ್ದುಬರುವಂಥದು. ಟೀಚರಾದ ಹೆಂಡತಿ ಬೀಜ ಬಿತ್ತಿ ಎರಡು ವರ್ಷ ಕಾದಿದ್ದಳು, ದಿನವೂ ಅದರ ಎತ್ತರ ಅಳೆದು ಬರೆದಿಡುತ್ತಿದ್ದಳು. ಈ ಸಲ ಅದು ಗಂಡನ ತಲೆಯನ್ನೂ ಮೀರಿ, ತುದಿಯಲ್ಲಿ ಒಂದೇ ಒಂದು ಮೊಗ್ಗು ಹೊತ್ತು ನಿಂತಿತ್ತು. ಸೋಮವಾರ ಹೂ ತೋರಿಸುವುದಾಗಿ ಇಡೀ ತರಗತಿಗೆ ಮಾತು ಕೊಟ್ಟಿದ್ದಳು.

ಮೊದಲ ದಿನವೇ ಟೇಪು ತುದಿ ಮುಟ್ಟಲಿಲ್ಲ. ಸ್ಟೂಲು ತರಬಹುದಿತ್ತು. ಆದರೆ ಅಭ್ಯಾಸಬಲ! "ಸ್ವಲ್ಪ ಬಗ್ಗಿ, ಸಾರ್" ಎನ್ನುತ್ತಾ, ಗಿರಾಕಿಯ ಹೆಗಲು ಒತ್ತಿದಂತೆ ಕಾಂಡವನ್ನು ಬಗ್ಗಿಸಿದ.

ಲಟಕ್!

ಮೊಗ್ಗಿನ ಸಮೇತ ಒಂದೂವರೆ ಅಡಿ ಕೈಗೆ ಬಂತು. ಆಗಲೇ ಫೋನು.

"ರೀ, ಇವತ್ತೆಷ್ಟು?"

"ಏಳಡಿ... ಎರಡಿಂಚು."

"ಗಂಟಲಿಗೇನಾಯ್ತು?"

"ದಾರ... ಬಾಯಲ್ಲಿ ದಾರ ಇತ್ತು ಕಣೇ."

ಸತ್ಯದ ಕತ್ತು ಹಿಸುಕಿದ ಮೇಲೆ ಶಸ್ತ್ರಚಿಕಿತ್ಸೆಗೆ ಇಳಿದ. ಮುರಿದ ತುದಿಗಳನ್ನು ಒಂದರ ಮೇಲೊಂದು ಕೂರಿಸಿ, ಕಾಲರಿಗೆ ಹಾಕುವ ಕ್ಯಾನ್ವಾಸ್ ಸುತ್ತಿ, ಹಸಿರು ದಾರದಲ್ಲಿ ಹೊಲಿದ. ಹೊಲಿಗೆ ಅಚ್ಚುಕಟ್ಟು, ಜೀವವೊಂದಿಲ್ಲ! ಮಾರನೆಯ ದಿನ ಎಲೆ ಜೋತುಬಿತ್ತು. ಫೋನಿನಲ್ಲಿ ಗಿಡ ಒಂದಿಂಚು ಬೆಳೆಯಿತು. ಮೂರನೆಯ ದಿನ ಮೊಗ್ಗು ಕಪ್ಪಿಟ್ಟಿತು. ಗಿಡ ಇನ್ನೂ ಒಂದಿಂಚು ಬೆಳೆಯಿತು! ಅಂಗಡಿಯಲ್ಲಿ ಒಂದೇ ಪ್ಯಾಂಟಿಗೆ ಎರಡು ಎಡಗಾಲು ಹೊಲಿದಿಟ್ಟ. ಮನೆಯ ಗೇಟು ಕಿರ್ರೆಂದಾಗಲೆಲ್ಲ ಅವಳೇ ಬಂದಳೆಂದು ಕಿಟಕಿಯಲ್ಲಿ ಇಣುಕುತ್ತಿದ್ದ.

ಕೊನೆಗೆ ಆ ಕಿರ್ರೆನ್ನುವಿಕೆ ಅವಳದೇ ಆಯಿತು. ಚೀಲವನ್ನೂ ಇಳಿಸದೆ ಹಿತ್ತಿಲಿಗೆ ನಡೆದು, ಸ್ಟೂಲು ಹತ್ತಿ ಟೇಪು ಹಿಡಿದಳು.

"ಏಳಡಿ ನಾಲ್ಕಿಂಚು ಅಂದ್ರಿ. ಆರಡಿ ಹತ್ತೇ ಇದೆಯಲ್ಲ!"

ಗಿರಾಕಿಗಳ ಮೇಲೆ ಪಳಗಿದ ನಾಲಗೆ ತಾನಾಗಿಯೇ ಹೊರಳಿತು: "ನಿನ್ನೆ ಮಳೆ ಬಂತಲ್ಲ... ನೆನೆದು ಕುಗ್ಗಿರ್ಬೇಕು."

ಅವಳ ಬೆರಳು ಹಸಿರು ಹೊಲಿಗೆಯ ಮೇಲೆ ನಿಂತಿತು. ಟೈಲರ್ ಕಣ್ಣು ಮುಚ್ಚಿದ.

"ಹೊಲಿಗೆ ಚೆನ್ನಾಗಿದೆ."

ಬೈದಿದ್ದರೇ ಎಷ್ಟೋ ವಾಸಿಯಿತ್ತು!

"ಕಣ್ಣು ಬಿಡಿ. ಕೆಳಗೆ ನೋಡಿ."

ಮುರಿದ ಜಾಗದ ಕೆಳಗೆ, ಎಲೆಯ ಸಂದಿನಲ್ಲಿ, ಕಡಲೆಕಾಳಿನಷ್ಟು ಎರಡು ಚಿಗುರು!

"ಬೇರು ಗಟ್ಟಿ. ಇನ್ನೊಂದೆರಡು ತಿಂಗಳಿಗೆ ಹೂ ಬಿಡುತ್ತೆ."

"ಅಬ್ಬಾ, ಬದುಕಿದೆ! ಹಾಗಾದ್ರೆ ಸೋಮವಾರ?"

"ಮಕ್ಕಳು ಬಂದೇ ಬರ್ತಾರೆ. ಹೂವಿನ ಜಾಗದಲ್ಲಿ ನಿಮ್ಮನ್ನ ನಿಲ್ಲಿಸ್ತೀನಿ, ಅಳೆದುಕೊಳ್ಳಲಿ." ಕೈಯಲ್ಲಿದ್ದ ಟೇಪನ್ನು ಅವನಂತೆಯೇ ಕೊರಳಿಗೆ ಹಾಕಿಕೊಂಡು ಸ್ಟೂಲಿನಿಂದಿಳಿದಳು. "ಅವರಿಗೆ ಎಟುಕಬೇಕಲ್ಲ... ಸ್ವಲ್ಪ ಬಗ್ಗಿ, ಸಾರ್!"