ಕೈಬಿಟ್ಟ ಪ್ರೋಟೀನುಗಳು

ಸಂಸಾರಸ್ಥನಿಗೆ ಕಿವಿ ಸ್ವಲ್ಪ ಮಂದವಾಗುವುದನ್ನು ನಾನು ಬಹಳ ದಿನ ಕಾಯಿಲೆ ಎಂದುಕೊಂಡಿರಲಿಲ್ಲ, ಸೌಕರ್ಯ ಎಂದುಕೊಂಡಿದ್ದೆ. ತಾರಿಹಾಳದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸುಗಳ ನಡುವೆ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಸದ್ದು ಕೇಳಿಯೇ ಪ್ರೆಸ್ಸಿನ ಯಾವ ಅಚ್ಚು ಸವೆದಿದೆ ಎಂದು ಹೇಳುವ ಫೋರ್‌ಮನ್ ಎಂಬ ಹೆಸರಿದೆ. ಅಂಥವನು ಕಂಪನಿ ಕೊಟ್ಟ ಇಯರ್‌ಪ್ಲಗ್ ಹಾಕಿಕೊಂಡರೆ ಮರ್ಯಾದೆ ಏನಾಗಬೇಕು? ಹಾಗಂತ ಪುಕ್ಕಟೆ ಸಿಕ್ಕಿದ್ದನ್ನು ಹಾಳು ಮಾಡಲೂ ಮನಸ್ಸು ಬರಲಿಲ್ಲ. ಕೇಶ್ವಾಪುರದ ಮನೆಗೆ ತಂದು, ಹೆಂಡತಿ ಸುಮಿತ್ರಾ ಮಾತು ಶುರುಮಾಡುವ ಹೊತ್ತಿಗೆ ಹಾಕಿಕೊಳ್ಳುತ್ತಿದ್ದೆ. ಪೇಪರನ್ನು ಅಗಲವಾಗಿ ಹಿಡಿದರೆ ಕಿವಿ ಕಾಣುವುದಿಲ್ಲ.

ಒಂದು ರವಿವಾರ ಪೇಪರು ಸರಕ್ಕನೆ ಕೆಳಗೆ ಬಂತು. ಪ್ಲಗ್ಗುಗಳನ್ನು ಹೇಗೋ ಜೇಬಿಗೆ ಸೇರಿಸಿದೆ. "ಅಮರಗೋಳದ ಮಾರ್ಕೆಟ್ಟಿಗೆ ಹೋಗಿ ಉಳ್ಳಾಗಡ್ಡಿ ತರ್ರಿ ಅಂತ ಮೂರು ಸಲ ಹೇಳೇನಿ" ಎಂದಳು ಸುಮಿತ್ರಾ. "ಖರೇನ ಕೇಳಸಲಿಲ್ಲ" ಎಂದೆ. ಧಾರವಾಡದಲ್ಲಿ ಕಿವಿಯ ಪ್ರೋಟೀನುಗಳ ಮೇಲೆ ಸಂಶೋಧನೆ ಮಾಡುವ ಮಗಳು ವಿದ್ಯಾ ಅಂದು ಮನೆಯಲ್ಲೇ ಇದ್ದಳು. ಅವಳ ಮುಖ ಅರಳಿತು.

"ಅಪ್ಪಾ, ಕಿವಿ ಒಳಗ ಸಣ್ಣ ಕೂದಲಿನಂಥವು ಇರ್ತಾವ. ಒಂದರ ತುದಿಯಿಂದ ಒಂದು ಪ್ರೋಟೀನು, ಮಗ್ಗಲದ್ದರಿಂದ ಇನ್ನೊಂದು, ಕೈ ಕೈ ಹಿಡಕೊಂಡು ನಿಂತಿರ್ತಾವ. ಸಪ್ಪಳ ಬಂದ್ರ ಕೂದಲು ವಾಲತಾವ, ಹಿಡಿತ ಜಗ್ಗತದ, ಬಾಗಲಾ ತೆರೀತದ, ಸುದ್ದಿ ಮೆದುಳಿಗೆ ಹೋಗತದ. ಭಾರೀ ಸಪ್ಪಳಾದ್ರ ಕೈ ಬಿಡ್ತಾವ, ಒಂದೆರಡು ದಿನದಾಗ ಮತ್ತ ಹಿಡಕೋತಾವ. ದಿನಾ ಹಂಗ ಆದ್ರ ಆ ಕೋಶನ ಸಾಯತದ, ಮತ್ತ ಹುಟ್ಟಂಗಿಲ್ಲ. ಹಕ್ಕಿ ಚಿಲಿಪಿಲಿಯಂಥ ತೆಳ್ಳಗಿನ ಸಪ್ಪಳ ಕೇಳಸೂದು ಮೊದಲ ಹೋಗತದ."

ಆ ಪ್ರೋಟೀನುಗಳ ಹೆಸರು ಕ್ಯಾಡ್‌ಹೆರಿನ್, ಪ್ರೋಟೋಕ್ಯಾಡ್‌ಹೆರಿನ್ ಅಂತೆ. ನನ್ನ ತಲೆಯ ಮೇಲಿನ ಕೂದಲು ಹೋದದ್ದನ್ನು ಊರೇ ನೋಡಿದೆ. ಒಳಗೂ ಕೂದಲಿದೆ ಎಂದು ಕೇಳಿ ಸಮಾಧಾನವಾಯಿತು. ಹೆಚ್ಚಿನ ಸಮಾಧಾನವೆಂದರೆ ಹೊಸ ನೆಪ ಸಿಕ್ಕಿದ್ದು. ಹದಿನೈದು ದಿನ ಏನು ಕೆಲಸ ಹೇಳಿದರೂ "ಪ್ರೋಟೀನು ಕೈಬಿಟ್ಟಾವ" ಎನ್ನುತ್ತಿದ್ದೆ. ಮಗಳು ಅದನ್ನು ನಂಬಿ ನನ್ನನ್ನು ಕಿವಿ ಪರೀಕ್ಷೆಗೆ ಎಳೆದುಕೊಂಡು ಹೋದಳು.

ಈಗ ಪೇಚಿಗೆ ಸಿಕ್ಕಿಕೊಂಡೆ. ಕಿವಿ ಸರಿಯಿದೆ ಎಂದು ರಿಪೋರ್ಟು ಬಂದರೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕಂತೆ. ಒಂದು ಉಪಾಯ ಮಾಡಿದೆ. ದಪ್ಪ ಸದ್ದಿಗೆಲ್ಲ ಪ್ರಾಮಾಣಿಕವಾಗಿ ಗುಂಡಿ ಒತ್ತುವುದು, ತೆಳ್ಳಗಿನದು ಬಂದಾಗ ಕಲ್ಲಿನಂತೆ ಕೂರುವುದು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ದಪ್ಪ ಸದ್ದುಗಳಿಗೆ ಒತ್ತಿದೆ. ಆಮೇಲೆ ತೆಳ್ಳಗಿನದಕ್ಕೆ ಕಾದೆ. ಕಾದೇ ಕಾದೆ. ಕಡೆಗೆ ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆರೆದಳು.

"ಮುಗೀತ್ರಿ ಕಾಕಾ, ಬರ್ರಿ."

"ಅಲ್ಲವಾ ತಂಗಿ, ತೆಳ್ಳಗಿನ ಸಪ್ಪಳ ಇನ್ನೂ ಹಚ್ಚೇ ಇಲ್ಲಲ್ಲ?"

"ಎಲ್ಲಾ ಹಚ್ಚೇನ್ರಿ. ನೀವ ಒಂದಕ್ಕೂ ಒತ್ತಲಿಲ್ಲ."

ನಿಜ ಹೇಳುತ್ತೇನೆ, ಹೆದರಿದೆ. ಸದ್ದಿನಲ್ಲೇ ಹೆಸರು ಮಾಡಿದವನು ನಾನು. ಮನೆಗೆ ಬಂದವನೇ ಪ್ಲಗ್ಗುಗಳನ್ನು ಸುಮಿತ್ರಾಳ ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕಾಯಿಪಲ್ಲೆ ಸೋಸುವುದನ್ನು ನಿಲ್ಲಿಸಲೂ ಇಲ್ಲ.

"ನಂಗ ಗೊತ್ತಿತ್ತು ಬಿಡ್ರಿ. ನೀವು ಅವನ್ನ ಹಾಕ್ಕೊಂಡಾಗ ನಾ ನಮ್ಮಕ್ಕಗ ಫೋನ್ ಹಚ್ಚಿ ನಿಮ್ಮ ಸುದ್ದಿ ಹೇಳತಿದ್ದೆ. ಭಾಳ ಛಲೋ ಇತ್ತು."

ಪ್ಲಗ್ಗುಗಳು ಈಗ ತಾರಿಹಾಳದಲ್ಲಿ, ಇರಬೇಕಾದ ಜಾಗದಲ್ಲಿವೆ. ಮನೆಯಲ್ಲಿ ಸುಮಿತ್ರಾ ಫೋನ್ ಹಿಡಿದಳೆಂದರೆ ನಾನು ಪೇಪರು ಮಡಚಿಟ್ಟು, ನನ್ನ ಸುದ್ದಿ ಕೇಳಲು ಅವಳ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಆದರೆ ನನ್ನ ರಿಪೋರ್ಟನ್ನು ಅವಳು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾಳೆ. ಅಕ್ಕನ ಜೊತೆ ಮಾತಾಡುವಾಗ ದನಿಯನ್ನು ತೆಳ್ಳಗೆ ಮೇಲೇರಿಸಿಬಿಡುತ್ತಾಳೆ. ನನ್ನ ಕಡೆ ನೋಡಿ ನಗುವುದಷ್ಟೇ ನನಗೆ ಕಾಣುತ್ತದೆ.