ಐದು ಕಿಲೋ ಚೀಲ, ಮೇಲೊಂದು ಶೋಕಿ

ವಾರವಿಡೀ ಮುಂಬಯಿಯ ಲೋಕಲ್ ರೈಲಿನಲ್ಲಿ ನೇತಾಡುವ ನಾವು ಭಾನುವಾರ ಬೆಟ್ಟಕ್ಕೆ ಹೊರಟು, ಏನೂ ಎಡವಟ್ಟಾಗದೆ ಮನೆಗೆ ಮರಳಿದ್ದು ನನಗಂತೂ ನೆನಪಿಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ಚದುರಿಕೊಂಡಿರುವ ಏಳೆಂಟು ಕನ್ನಡಿಗರ ಗುಂಪು ನಮ್ಮದು. ತಿಂಗಳಿಗೊಮ್ಮೆ ಸಹ್ಯಾದ್ರಿಯ ಯಾವುದಾದರೊಂದು ಕೋಟೆ ಹತ್ತುತ್ತೇವೆ. ಹೆಚ್ಚಿನವರ ಮಂಡಿ ಐವತ್ತರ ಹತ್ತಿರ ಬಂದಿರುವುದರಿಂದ ಒಂದು ಕಾನೂನು ಮಾಡಿಕೊಂಡೆವು. ನೀರು ಬಿಟ್ಟು ಯಾರ ಚೀಲವೂ ಐದು ಕಿಲೋ ಮೀರಬಾರದು. ಆದರೆ ಮನುಷ್ಯರಲ್ಲವೇ, ಆಸೆ ಇರುತ್ತದೆ. ಹಾಗಾಗಿ ಒಬ್ಬೊಬ್ಬರು ಒಂದೊಂದು ಶೋಕಿ ಸಾಮಾನು ತರಬಹುದು, ಅದರ ತೂಕ ಲೆಕ್ಕಕ್ಕಿಲ್ಲ.

ಮನೆಯಲ್ಲಿ ರದ್ದಿ ಪೇಪರ್ ತೂಗಲು ಇಟ್ಟುಕೊಂಡಿದ್ದ ಕೊಕ್ಕೆಯ ತಕ್ಕಡಿ ನನ್ನ ಬಳಿ ಇತ್ತು. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ಚೀಲ ತೂಗುವ ಅಧಿಕಾರವೂ ನನ್ನದಾಯಿತು. ಐದು ಕಿಲೋದ ಮಾತು ಎಲ್ಲರಿಗೂ ಬೇಗ ಮರೆತುಹೋಯಿತು. ಶೋಕಿಯ ಮಾತು ಮಾತ್ರ ಬಾಯಿಪಾಠ.

ಅರ್ಧ ಬ್ರಷ್

ಮೊದಲು ನನ್ನ ಮಾನ ಹೋದದ್ದನ್ನೇ ಹೇಳಿಬಿಡುತ್ತೇನೆ. ಬೆಟ್ಟದ ಮೇಲೆ ತಂಗುವ ಮೊದಲ ಚಾರಣ ಅದು. ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ನನಗೆ ತೂಕ ಇಳಿಸುವ ಹುಚ್ಚು ಹಿಡಿದಿತ್ತು. ಟವೆಲನ್ನು ಅರ್ಧ ಹರಿದೆ. ಸೋಪು ಕೊಯ್ದು ಬಿಸ್ಕತ್ತಿನಷ್ಟು ತುಂಡು ಇಟ್ಟುಕೊಂಡೆ. ಕೊನೆಗೆ ಬ್ರಷ್ಷಿನ ಹಿಡಿಯನ್ನೂ ಗರಗಸದಲ್ಲಿ ಕತ್ತರಿಸಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಮುಗುಳ್ನಕ್ಕು ಒಳಗೆ ಹೋದಳು. ಆಗಲೇ ನಾನು ಎಚ್ಚರಾಗಬೇಕಿತ್ತು.

ಹಿಂದಿನ ದಿನ ತೂಗಿದಾಗ ನನ್ನ ಚೀಲ ನಾಲ್ಕು ಕಿಲೋ. ಸ್ಟೇಷನ್ನಿನಲ್ಲಿ ಬೇರೆಯವರ ಚೀಲ ತೂಗಿ, ಇಬ್ಬರಿಗೆ ಬೈದೆ. ನನ್ನದನ್ನು ಮತ್ತೆ ತೂಗುವ ಅಗತ್ಯ ಕಾಣಲಿಲ್ಲ. ಅರ್ಧ ಬೆಟ್ಟ ಏರುವಷ್ಟರಲ್ಲಿ ಭುಜ ಕಿತ್ತುಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಹೇಗೋ ಮೇಲೆ ಮುಟ್ಟಿದೆ. ಚೀಲ ಬಿಚ್ಚಿದರೆ ತಳದಲ್ಲಿ, ನನ್ನದೇ ಲುಂಗಿಯಲ್ಲಿ ಸುತ್ತಿದ ಒಂದು ದೊಡ್ಡ ಗಾಜಿನ ಬಾಟಲಿ. ತುಂಬ ಮಾವಿನ ಮಿಡಿ ಉಪ್ಪಿನಕಾಯಿ.

ಬೆಟ್ಟದ ಆ ತುದಿಗೆ ಹೋಗಿ ಸಿಗ್ನಲ್ ಹುಡುಕಿ ಫೋನ್ ಮಾಡಿದೆ. "ಏನೇ ಇದು?"

"ಮಿಡಿ ಇಲ್ಲದಿದ್ದರೆ ನಿಮಗೆ ಅನ್ನ ಇಳಿಯುವುದಿಲ್ಲವಲ್ಲ, ಅದಕ್ಕೇ ಇಟ್ಟೆ."

"ಗಾಜಿನ ಬಾಟಲಿಯೇ? ಅಷ್ಟು ಜಾಗ ಎಲ್ಲಿತ್ತು ಅದರಲ್ಲಿ?"

"ನೀವು ಬ್ರಷ್ ಕತ್ತರಿಸಿ ಉಳಿಸಿದಿರಲ್ಲ, ಅಲ್ಲಿ."

ಅತ್ತೆಯ ಲಿಂಕ್

ನಮ್ಮ ಗುಂಪಿನಲ್ಲಿ ವಾಶಿಯ ಒಬ್ಬರು ಬ್ಯಾಂಕ್ ಮೇಡಂ ಇದ್ದಾರೆ, ಧಾರವಾಡ ಕಡೆಯವರು. ಅವರ ಶೋಕಿ ಎಂದರೆ ಒಂದು ಡಬ್ಬಿ ತುಂಬ ಖಡಕ್ ಜೋಳದ ರೊಟ್ಟಿ. ಡಬ್ಬಿ ಹಿಟ್ಟು ನಾದುವ ಪರಾತದಷ್ಟು ಅಗಲ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಅವರು ಏರುತ್ತಿದ್ದರೆ ಹಿಂದಿನವರಿಗೆ ಬೆಟ್ಟ ಕಾಣುವುದಿಲ್ಲ. "ಇಪ್ಪತ್ತು ರೊಟ್ಟಿ ಅದಾವ್ರೀ. ಎತ್ತಿ ನೋಡ್ರಿ, ಗಾಳಿ ಹಂಗ ಹಗೂರ ಅದಾವು" ಎನ್ನುತ್ತಾರೆ. ಅದು ನಿಜವೇ.

ಪನ್ವೇಲ್ ಕಡೆಯ ಒಂದು ಕೋಟೆಯಲ್ಲಿ ನಾವು ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ಯುವಕನಿದ್ದ. ಮೈಮೇಲಿನ ಅಷ್ಟೂ ಸಾಮಾನು ವಿದೇಶದ್ದು. ಬೆಳ್ಳಿಬಣ್ಣದ ಪೊಟ್ಟಣಕ್ಕೆ ಬಿಸಿನೀರು ಹೊಯ್ದು, ಅನ್ನ ಆಗುವುದನ್ನೇ ಕಾಯುತ್ತಿದ್ದ. ಮೇಡಂ ರೊಟ್ಟಿ ಪಟಪಟ ಮುರಿಯುವ ಸದ್ದಿಗೆ ತಿರುಗಿ ನೋಡಿದ.

"ಆಂಟಿ, ಇದೂ ನೀರಿನಂಶ ತೆಗೆದ ಆಹಾರವಾ?" ಎಂದು ಹಿಂದಿಯಲ್ಲಿ ಕೇಳಿದ.

"ಹೌದಪಾ, ಪೂರಾ ತಗದೈತಿ" ಎಂದು ಮೇಡಂ ತಮ್ಮ ಹಿಂದಿಯಲ್ಲೇ ಅಂದರು. ನಾನಿಲ್ಲಿ ಬರೆದ ಕನ್ನಡಕ್ಕೂ ಅವರ ಹಿಂದಿಗೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ.

"ಎಷ್ಟು ದಿನ ಕೆಡುವುದಿಲ್ಲ?"

"ಮೂರು ತಿಂಗಳಿಗೆ ಮೋಸ ಇಲ್ಲ."

ಯುವಕ ಒಂದು ತುಂಡು ತಿಂದ. ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ಅವನ ಪೊಟ್ಟಣದ ಅನ್ನ ಅಲ್ಲೇ ತಣ್ಣಗಾಯಿತು. ಕೊನೆಗೆ ಮೊಬೈಲ್ ತೆಗೆದು, "ಆಂಟಿ, ಇದರ ಲಿಂಕ್ ಕಳಿಸಿ" ಎಂದ.

ಮೇಡಂ ಕೈ ಝಾಡಿಸುತ್ತ ಹೇಳಿದರು: "ಲಿಂಕ್ ನಮ್ಮತ್ತಿ. ಧಾರವಾಡದಾಗ ಅದಾರ. ಆದ್ರ ಕ್ಲಿಕ್ ಮಾಡಿದ್ರ ಬೈತಾರ."

ಬೆಟ್ಟದ ಮೇಲೆ ಇಸ್ತ್ರಿ

ಠಾಣೆಯಲ್ಲಿ ನನ್ನ ಆಫೀಸಿನಲ್ಲೇ ಕೆಲಸ ಮಾಡುವ ಒಬ್ಬ ಪುತ್ತೂರಿನ ಹುಡುಗ ನಮ್ಮ ಗುಂಪಿನಲ್ಲಿದ್ದಾನೆ. ಹುಡುಗ ಎಂದರೆ ಮೂವತ್ತನಾಲ್ಕು. ಊರಲ್ಲಿ ಅವನ ತಾಯಿ ಹೆಣ್ಣು ಹುಡುಕುತ್ತಿದ್ದರು. ಆಫೀಸಿನ ಗುರುತುಚೀಟಿಯ ಫೋಟೋ ಕಳಿಸಿ ಕಳಿಸಿ ನಾಲ್ಕು ಕಡೆಯಿಂದ ಉತ್ತರವೇ ಬಂದಿರಲಿಲ್ಲ. ಪಾಪ, ಒಳಗೊಳಗೇ ಕುಗ್ಗಿದ್ದ. ಬೆಟ್ಟದ ಮೇಲೆ ಒಂದು ಒಳ್ಳೆಯ ಫೋಟೋ ತೆಗೆಸಿಕೊಳ್ಳುವುದೇ ಅವನ ಶೋಕಿ. ಇಸ್ತ್ರಿ ಮಾಡಿದ ಆಕಾಶಬಣ್ಣದ ಶರ್ಟನ್ನು ಎರಡು ರಟ್ಟಿನ ನಡುವೆ ಇಟ್ಟು ತಂದಿದ್ದ.

ತುದಿ ಮುಟ್ಟಿದ್ದೇ ಬಂಡೆಯ ಹಿಂದೆ ಹೋಗಿ, ಮುಖ ತೊಳೆದು, ಪೌಡರ್ ಹಚ್ಚಿ ಬಂದ. ನಾವೆಲ್ಲ ಬೆವರಿ ಕೆಸರಾಗಿದ್ದೆವು, ಅವನು ಮಾತ್ರ ಆಗಷ್ಟೇ ಲಿಫ್ಟಿನಿಂದ ಇಳಿದವನ ಹಾಗಿದ್ದ. ಫೋಟೋ ಊರಿಗೆ ಹೋಯಿತು. ವಾರ ಕಳೆದು, ಫೋಟೋ ನೋಡಿದ ಹುಡುಗಿಯೇ ಮೆಸೇಜ್ ಮಾಡಿದಳು: "ಫೋಟೋ ಚಂದ ಉಂಟು. ಆದರೆ ಗುಡ್ಡದ ಮೇಲೂ ಇಸ್ತ್ರಿ ಶರ್ಟ್ ಬೇಕಾದರೆ ಮನೆಯಲ್ಲಿ ಎಷ್ಟು ಬೇಕು? ಅದೆಲ್ಲ ಯಾರು ಮಾಡುವುದು?"

ಅವನು ಹೆದರಿ ಮೊಬೈಲನ್ನು ನನಗೆ ತೋರಿಸಿದ. "ಸರ್, ಏನು ಬರೆಯಲಿ?"

"ಇರುವುದನ್ನೇ ಬರಿ" ಎಂದೆ.

"ಹತ್ತು ವರ್ಷದಿಂದ ನಾನೇ ಮಾಡುತ್ತಿದ್ದೇನೆ" ಎಂದು ಬರೆದ. ಮೂರು ತಿಂಗಳಲ್ಲಿ ಮದುವೆಯಾಯಿತು. ಈಗ ಇಬ್ಬರೂ ಬೆಟ್ಟಕ್ಕೆ ಬರುತ್ತಾರೆ. ಅವನ ಚೀಲದಲ್ಲಿ ರಟ್ಟು ನಾಲ್ಕಾಗಿದೆ.

ಕುರ್ಚಿ

ಡೊಂಬಿವಲಿ ಸ್ಟೇಷನ್ ಹತ್ತಿರ ಉಡುಪಿಯವರೊಬ್ಬರ ಶಾಕಾಹಾರಿ ಹೋಟೆಲಿದೆ. ನಾವೆಲ್ಲ ಅವರನ್ನು ಧಣಿ ಎಂದೇ ಕರೆಯುವುದು. ವರ್ಷಗಟ್ಟಲೆ ಅವರಿಗೆ ಒಂದು ಭಾನುವಾರವೂ ಬಿಡುವಿರಲಿಲ್ಲ. ಕೊನೆಗೊಮ್ಮೆ ಅವರ ಹೆಂಡತಿ, "ಒಂದು ದಿನ ಗಲ್ಲಾದಲ್ಲಿ ನಾನು ಕೂರುತ್ತೇನೆ, ನೀವು ಹೋಗಿ ಬನ್ನಿ" ಎಂದು ನಮ್ಮ ಜೊತೆ ಅಟ್ಟಿದರು. ಧಣಿಯ ಶೋಕಿ ಒಂದು ಮಡಚುವ ಕುರ್ಚಿ. "ಗಲ್ಲಾದಲ್ಲಿ ಕೂತರೆ ಅದು ಕೂತ ಲೆಕ್ಕವಲ್ಲ ಮಾರಾಯ್ರೆ. ಕಣ್ಣೆಲ್ಲ ಗಿರಾಕಿಯ ಮೇಲೆ. ಬೆಟ್ಟದ ಮೇಲೆ ಒಮ್ಮೆ ಸರಿಯಾಗಿ ಕೂರಬೇಕು" ಎಂದರು.

ಖೋಪೋಲಿ ಲೋಕಲಿನಲ್ಲಿ ನಾವು ನೇರಳಿನಲ್ಲಿ ಇಳಿಯುವುದೆಂದಿತ್ತು. ಗಾಡಿ ತುಂಬ ಜನ. ವಿಠ್ಠಲವಾಡಿ ದಾಟುವಷ್ಟರಲ್ಲಿ ಧಣಿಯ ಮಂಡಿ ಕೈಕೊಟ್ಟಿತು. ಮೆಲ್ಲಗೆ ಕುರ್ಚಿ ಬಿಡಿಸಿ ಬಾಗಿಲ ಹತ್ತಿರದ ಮೂಲೆಯಲ್ಲಿ ಕೂತೇಬಿಟ್ಟರು. ಪಕ್ಕದಲ್ಲಿ ನಿಂತವನು ಒಂದು ನಿಮಿಷ ನೋಡಿದ. ಆಮೇಲೆ ಬಗ್ಗಿ, "ಕಾಕಾ, ಕುಠೇ ಉತರಣಾರ್?" ಎಂದ. ಎಲ್ಲಿ ಇಳಿಯುತ್ತೀರಿ ಎಂದು ಕೇಳಿದರೆ ಆ ಸೀಟು ಮುಂದೆ ತನ್ನದು ಎಂದು ನಮ್ಮ ಲೋಕಲಿನ ಅರ್ಥ.

ಧಣಿ ರೂಢಿಯಲ್ಲೇ "ನೇರಳ್" ಎಂದರು.

"ಹಾಗಾದರೆ ನೇರಳಿನಿಂದ ನನಗೆ" ಎಂದ ಅವನು. ಅವನ ಹಿಂದಿನವನು, "ಅವನಾದ ಮೇಲೆ ನನಗೆ" ಎಂದ. ಮನೆಯಿಂದ ತಂದ ಕುರ್ಚಿಗೆ ಕ್ಯೂ ಹತ್ತಿತು.

ಅಂಬರನಾಥದಲ್ಲಿ ಎರಡು ಚೀಲ ಹಿಡಿದು ಒಬ್ಬ ಅಜ್ಜಿ ಹತ್ತಿದರು. ಧಣಿ ಎದ್ದು ಅವರನ್ನು ಕೂರಿಸಿದರು. "ನಂಬರ್ ನನ್ನದು!" ಎಂದು ಮೊದಲಿನವನು ಜಗಳಕ್ಕೇ ನಿಂತ. ಜಗಳ ಮುಗಿಯುವುದರೊಳಗೆ ಅಜ್ಜಿಗೆ ನಿದ್ದೆ ಬಂದಿತ್ತು. ಬದ್ಲಾಪುರದಲ್ಲಿ ಜನವೆಲ್ಲ ಇಳಿದು ಬೆಂಚುಗಳು ಖಾಲಿಯಾದವು, ಅಜ್ಜಿ ಮಾತ್ರ ಕುರ್ಚಿಯಲ್ಲಿ ಗಾಢ ನಿದ್ದೆಯಲ್ಲಿದ್ದರು. ನೇರಳ್ ಬಂತು.

"ಧಣಿ, ಎಬ್ಬಿಸಿ!" ಎಂದೆವು.

"ಹೇಗೆ ಎಬ್ಬಿಸುವುದು? ನಮ್ಮಮ್ಮನ ಹಾಗೇ ಬಾಯಿ ತೆರೆದು ಮಲಗಿದ್ದಾರೆ. ನೀವು ಇಳಿಯಿರಿ, ನಾನು ಮುಂದೆ ಇಳಿದು ವಾಪಸು ಗಾಡಿಗೆ ಬರುತ್ತೇನೆ." ಗಾಡಿ ಹೊರಟೇಹೋಯಿತು.

ಧಣಿ ಬರಲಿಲ್ಲ. ಫೋನ್ ಹತ್ತಲಿಲ್ಲ. ಬೆಟ್ಟ ಹತ್ತಿ ಇಳಿದೆವು, ಆದರೆ ಯಾರಿಗೂ ಮನಸ್ಸು ನೆಟ್ಟಗಿರಲಿಲ್ಲ. ಅವರನ್ನು ಕರೆದುಕೊಂಡು ಹೋದವರು ನಾವು, ಮನೆಯವರಿಗೆ ಏನು ಹೇಳುವುದು? ಸಂಜೆ ಹೆದರುತ್ತಲೇ ಹೋಟೆಲಿಗೆ ಹೋದರೆ, ಧಣಿಯೂ ಆಗಷ್ಟೇ ಕುರ್ಚಿ ಹೆಗಲಿಗೇರಿಸಿ ಒಳಗೆ ಬರುತ್ತಿದ್ದರು.

ಹೆಂಡತಿ ಗಲ್ಲಾದಿಂದಲೇ ಕೇಳಿದರು, "ಬೆಟ್ಟ ಹೇಗಿತ್ತು?"

"ಬೆಟ್ಟಕ್ಕೆ ಹೋಗಲಿಲ್ಲ. ಖೋಪೋಲಿಯಲ್ಲಿ ಒಬ್ಬರು ಅಜ್ಜಿಯ ಮನೆಯಲ್ಲಿ ಊಟ ಮಾಡಿದೆ. ಚೀಲ ಹೊತ್ತು ಮನೆ ಮುಟ್ಟಿಸಿದ್ದಕ್ಕೆ ಬಿಡಲೇ ಇಲ್ಲ. ನಾನು ಉಡುಪಿಯವನೆಂದು ಗೊತ್ತಾದದ್ದೇ, ಸೊಸೆಯನ್ನು ಪೇಟೆಗೆ ಓಡಿಸಿ ಹಿಟ್ಟು ತರಿಸಿ ಇಡ್ಲಿ ಮಾಡಿಸಿದರು."

ಹೆಂಡತಿ ನಕ್ಕು ನಕ್ಕು ಗಲ್ಲಾದ ಮೇಲೇ ತಲೆಯಿಟ್ಟರು. "ಇಷ್ಟು ವರ್ಷಕ್ಕೊಂದು ರಜೆ, ಅದರಲ್ಲೂ ಇಡ್ಲಿ! ಹೇಗಿತ್ತು?"

ಧಣಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಸತ್ಯ ಹೇಳಬೇಕಾದರೆ, ನಮ್ಮದಕ್ಕಿಂತ ಮೆತ್ತಗಿತ್ತು" ಎಂದರು.

ತಗ್ಗಿಸಿದ್ದು ಸಾಲಲಿಲ್ಲ. ತಿಂಡಿ ಕೊಡುವ ಕಿಂಡಿಯಿಂದ ಅಡುಗೆ ಭಟ್ಟರ ತಲೆ ಹೊರಗೆ ಬಂತು. "ಹಾಗಾದರೆ ಮುಂದಿನ ಭಾನುವಾರ ಗಿರಾಕಿಗಳನ್ನೆಲ್ಲ ಖೋಪೋಲಿ ಗಾಡಿಗೆ ಹತ್ತಿಸಿಬಿಡಿ ಧಣಿ. ನನಗೂ ಒಂದು ರಜೆ ಸಿಗಲಿ."